ಹೊಗೆ ಕಾಣದಿದ್ದರೆ ಲೆಕ್ಕ ಮುಗಿಯಿತೇ? ಪುಟ್ಟ ವಿದ್ಯುತ್ ಕಾರಿನ ಪರಿಸರ ಮೌಲ್ಯಮಾಪನ: ಒಂಬತ್ತನೇ ತರಗತಿಯ ಒಂದು ಪಾಠಾನುಭವ

ಪೀಠಿಕೆ

ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕೆ ಹೋಗುವ ಪ್ರೌಢಶಾಲೆಗಳು ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಹರಡಿಕೊಂಡಿವೆ. ಜೋಯಿಡಾ ಭಾಗದ ಒಂದು ಶಾಲೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಒಂಬತ್ತನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಘಟಕದ ವಿಸ್ತರಣೆಯಾಗಿ ವಿದ್ಯುತ್ ವಾಹನದ ಬಗ್ಗೆ ಪಾಠ ಮಾಡುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕನಾ ನಮೂನೆ ತುಂಬುತ್ತಿದ್ದೆ. ಪೀಠಿಕೆ ಚೆನ್ನಾಗಿತ್ತು. ಕಪ್ಪುಹಲಗೆಯ ಬರವಣಿಗೆ ಅಚ್ಚುಕಟ್ಟಾಗಿತ್ತು. ಮಿಂಚುಪಟ್ಟಿಗಳನ್ನು ಸಮಯಕ್ಕೆ ಸರಿಯಾಗಿ ಬಳಸಿದರು. ಕೊನೆಗೆ ಕಪ್ಪುಹಲಗೆಯ ಮೇಲೆ “ವಿದ್ಯುತ್ ಕಾರಿನಿಂದ ಮಾಲಿನ್ಯ ಇಲ್ಲ” ಎಂದು ಬರೆದು ಎರಡು ಗೆರೆ ಎಳೆದರು. ಆ ಹೊತ್ತಿಗೆ ನಾನು ‘ಸಾರಾಂಶ’ ಎಂಬ ಅಂಕಣಕ್ಕೆ ಪೂರ್ಣ ಅಂಕ ಕೊಟ್ಟಾಗಿತ್ತು.

ಆಗ ಮೂರನೇ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಟೀಚರ್, ಕರೆಂಟಿನ ಸಲುವಾಗಿನೇ ನಮ್ಮಜ್ಜಿ ಊರು ಸೂಪಾ ಡ್ಯಾಮಿನಾಗ ಮುಳುಗೇತ್ರಿ. ಅದು ಲೆಕ್ಕದಾಗ ಬರೂದಿಲ್ಲೇನ್ರಿ?”

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ನಮೂನೆಯ ಕಡೆ ನೋಡಿದೆ. ಧ್ವನಿ, ಭಂಗಿ, ಪ್ರಶ್ನಿಸುವಿಕೆ, ಉಪಕರಣ ಬಳಕೆ, ತರಗತಿ ನಿರ್ವಹಣೆ ಎಲ್ಲಕ್ಕೂ ಅಲ್ಲಿ ಅಂಕಣವಿತ್ತು. ಹೇಳಿದ ಮಾತು ಎಷ್ಟರ ಮಟ್ಟಿಗೆ ಸರಿ ಎಂದು ಕೇಳುವ ಅಂಕಣ ಇರಲಿಲ್ಲ. ಆ ದಿನ ನಾವಿಬ್ಬರೂ ಮಗುವಿಗೆ ಉತ್ತರ ಕೊಡಲಿಲ್ಲ. “ಮುಂದಿನ ವಾರ ಲೆಕ್ಕ ಹಾಕೋಣ” ಎಂದು ಹೇಳಿ ಬಂದೆವು. ಆ ಮಾತನ್ನು ಉಳಿಸಿಕೊಳ್ಳಲು ನಾವು ರೂಪಿಸಿದ ಮೂರು ಅವಧಿಗಳ ಪಾಠವೇ ಈ ಲೇಖನ. ಮುಂದೆ ಹಳಿಯಾಳ ಮತ್ತು ಮುಂಡಗೋಡದ ಶಾಲೆಗಳಲ್ಲಿ ಬೇರೆ ಪ್ರಶಿಕ್ಷಣಾರ್ಥಿಗಳು ಇದೇ ಪಾಠವನ್ನು ಮಾಡಿದರು. ಅವರ ಅನುಭವವನ್ನೂ ಇಲ್ಲಿ ಸೇರಿಸಿದೆ.

ಪಾಠದ ವಿವರ

ತರಗತಿ: 9
ಘಟಕ: ಕೆಲಸ ಮತ್ತು ಶಕ್ತಿ (ವಿಸ್ತರಣಾ ಚಟುವಟಿಕೆ)
ಅವಧಿಗಳು: ಮೂರು, ತಲಾ 40 ನಿಮಿಷ

ಕಲಿಕಾ ಫಲಗಳು: ವಿದ್ಯಾರ್ಥಿಯು
1. ಕಿಲೋವ್ಯಾಟ್-ಗಂಟೆ, ಅಂದರೆ ‘ಯೂನಿಟ್’ ಎಂಬ ಪರಿಮಾಣವನ್ನು ನಿತ್ಯಜೀವನದ ಲೆಕ್ಕದಲ್ಲಿ ಬಳಸುವನು/ಳು.
2. ಒಂದು ವಸ್ತುವಿನ ಪರಿಸರ ಪರಿಣಾಮವನ್ನು ತಯಾರಿ, ಬಳಕೆ, ವಿಲೇವಾರಿ ಎಂಬ ಮೂರು ಹಂತಗಳಲ್ಲಿ ಗುರುತಿಸುವನು/ಳು.
3. ಎರಡು ವಾಹನಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ಗಡಿ ಹಾಕಿ ಲೆಕ್ಕ ಮಾಡುವನು/ಳು.
4. ತೀರ್ಮಾನವನ್ನು ಅದರ ಷರತ್ತಿನೊಂದಿಗೆ ಬರೆಯುವನು/ಳು.

ಪೂರ್ವಜ್ಞಾನ: ಪ್ರಚ್ಛನ್ನ ಶಕ್ತಿಯ ಸೂತ್ರ, ಶಕ್ತಿಯ ರೂಪಾಂತರ, ಶೇಕಡಾ ಲೆಕ್ಕ.

ಕಲಿಕೋಪಕರಣಗಳು: ಮನೆಯಿಂದ ತಂದ ಹೆಸ್ಕಾಂ ವಿದ್ಯುತ್ ಬಿಲ್ಲು, ಪೆಟ್ರೋಲ್ ಬಂಕಿನ ರಸೀದಿ, ಉತ್ತರ ಕನ್ನಡ ಜಿಲ್ಲೆಯ ನಕ್ಷೆ, ಹಳೆಯ ಟಾರ್ಚ್ ಸೆಲ್ಲುಗಳು, ಎರಡು ಬಣ್ಣದ ಸೀಮೆಸುಣ್ಣ. ಸ್ಮಾರ್ಟ್ ಬೋರ್ಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ.

ಶಿಕ್ಷಕರಿಗೆ ವಿಷಯಜ್ಞಾನ

ವಿದ್ಯುತ್ ಕಾರು ಹೊರದೇಶದಿಂದ ಮೊನ್ನೆ ಮೊನ್ನೆ ಬಂದದ್ದು ಎಂದು ಮಕ್ಕಳು ಮಾತ್ರವಲ್ಲ, ನಮ್ಮ ಪ್ರಶಿಕ್ಷಣಾರ್ಥಿಗಳೂ ತಿಳಿದಿರುತ್ತಾರೆ. ಬೆಂಗಳೂರಿನ ಮೈನಿ ಸಮೂಹವು ಅಮೆರಿಕದ ಅಮೆರಿಗಾನ್ ಕಂಪನಿಯೊಂದಿಗೆ ಸೇರಿ 1994ರಲ್ಲಿಯೇ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಆರಂಭಿಸಿತು. ಚೇತನ್ ಮೈನಿಯವರ ನೇತೃತ್ವದಲ್ಲಿ ರೂಪುಗೊಂಡ ‘ರೇವಾ’ ಕಾರು 2001ರಲ್ಲಿ ರಸ್ತೆಗಿಳಿಯಿತು. ಎರಡು ಬಾಗಿಲಿನ ಈ ಕಾರಿನಲ್ಲಿ ಇಬ್ಬರು ದೊಡ್ಡವರು ಮತ್ತು ಇಬ್ಬರು ಚಿಕ್ಕ ಮಕ್ಕಳು ಕೂರಬಹುದಿತ್ತು. ಲಂಡನ್ನಿನಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತು. ಅಲ್ಲಿ ನಗರ ಮಧ್ಯದ ವಾಹನ ದಟ್ಟಣೆ ಶುಲ್ಕದಿಂದ ಅದಕ್ಕೆ ವಿನಾಯಿತಿ ಇತ್ತು. 2009ರಲ್ಲಿ ಲಿಥಿಯಂ ಬ್ಯಾಟರಿಯ ಮಾದರಿ ಬಂತು. 2010ರಲ್ಲಿ ಕಂಪನಿಯ ಬಹುಪಾಲನ್ನು ಮಹೀಂದ್ರಾ ಕೊಂಡಿತು, 2013ರಲ್ಲಿ ‘ಇ2ಒ’ ಬಿಡುಗಡೆಯಾಯಿತು. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯವೂ ಕರ್ನಾಟಕವೇ (2017).

ಪಾಠಕ್ಕೆ ರೇವಾ ಏಕೆ ಅನುಕೂಲವೆಂದರೆ ಅದರ ಅಂಕಿಗಳು ಸರಳ. 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು ಸರಣಿಯಲ್ಲಿ, ಒಟ್ಟು 48 ವೋಲ್ಟ್, 200 ಆಂಪಿಯರ್-ಗಂಟೆ. ಇವೆರಡನ್ನು ಗುಣಿಸಿದರೆ 9,600 ವ್ಯಾಟ್-ಗಂಟೆ, ಅಂದರೆ 9.6 ಯೂನಿಟ್. ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಎಂದು ಕಂಪನಿ ಹೇಳುತ್ತಿತ್ತು. ಹಾಗಾದರೆ ಕಿ.ಮೀ.ಗೆ 0.12 ಯೂನಿಟ್. ಈಗಿನ ಟಾಟಾ ಟಿಯಾಗೊ ಇವಿಯ ಚಿಕ್ಕ ಮಾದರಿಯಲ್ಲಿ 19.2 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಇದೆ. ನಮ್ಮ ಏರಿಳಿತದ ರಸ್ತೆಯಲ್ಲಿ ಅದು 160 ಕಿ.ಮೀ. ಓಡುತ್ತದೆ ಎಂದು ಭಾವಿಸಿದರೂ ಕಿ.ಮೀ.ಗೆ ಅದೇ 0.12 ಯೂನಿಟ್ ಬರುತ್ತದೆ. ಆದ್ದರಿಂದ ತರಗತಿಯಲ್ಲಿ ಈ ಒಂದೇ ಸಂಖ್ಯೆಯನ್ನು ಹಿಡಿದು ಮುಂದುವರಿದೆವು.

ಬ್ಯಾಟರಿಯ ಬಗ್ಗೆ ಎರಡು ಮಾತು. ರೇವಾದ ಒಟ್ಟು ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬ್ಯಾಟರಿಯದೇ ಆಗಿತ್ತು. ಸೀಸ ವಿಷಕಾರಿ ಲೋಹ. ಆದರೆ ಅದನ್ನು ಕರಗಿಸಿ ಮತ್ತೆ ಬಳಸುವುದು ಸುಲಭ. ಸರಿಯಾದ ಕಾರ್ಖಾನೆಯಲ್ಲಿ ಮಾಡಿದರೆ ಲಾಭ, ಹಿತ್ತಲಲ್ಲಿ ಒಲೆ ಹೂಡಿ ಕರಗಿಸಿದರೆ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ. ಈ ಕಾರಣಕ್ಕೇ 2001ರಲ್ಲಿ ಬ್ಯಾಟರಿ ನಿಯಮಗಳು ಬಂದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಲಿಥಿಯಂ ಸೇರಿ ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ಅವನ್ನು ವಾಪಸು ಪಡೆಯುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.

ಮೊದಲ ಅವಧಿ: ಹೊಗೆ ಎಲ್ಲಿದೆ?

ತೊಡಗಿಸಿಕೊಳ್ಳುವಿಕೆ: ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮಧ್ಯೆ ಒಂದು ಕಾರಿನ ಚಿತ್ರ ಬಿಡಿಸಿ “ಈ ಕಾರಿಗೆ ಸೈಲೆನ್ಸರ್ ಇಲ್ಲ. ಹಾಗಾದರೆ ಹೊಗೆ ಎಲ್ಲೂ ಇಲ್ಲವೇ?” ಎಂದು ಕೇಳಿದರು. ಮೊದಲು ಇಡೀ ತರಗತಿ “ಇಲ್ಲ” ಎಂದಿತು. ನಂತರ ಒಬ್ಬ ಹುಡುಗ “ಕರೆಂಟ್ ಮಾಡೋ ಕಡೆ ಇರತೈತ್ರಿ” ಎಂದ. ಅಲ್ಲಿಂದ ಪಾಠ ತಾನಾಗಿಯೇ ನಡೆಯಿತು.

ಅನ್ವೇಷಣೆ: ಐದೈದು ಮಕ್ಕಳ ಗುಂಪು ಮಾಡಿ, ಕಾರಿನ ಚಿತ್ರದಿಂದ ಹಿಂದಕ್ಕೆ ಮತ್ತು ಮುಂದಕ್ಕೆ ಬಾಣ ಎಳೆಯಲು ಹೇಳಲಾಯಿತು. ಹಿಂದಕ್ಕೆ ಎಂದರೆ ಈ ವಸ್ತು ಎಲ್ಲಿಂದ ಬಂತು. ಮುಂದಕ್ಕೆ ಎಂದರೆ ಹಳತಾದ ಮೇಲೆ ಎಲ್ಲಿಗೆ ಹೋಗುತ್ತದೆ. ಒಂದು ಗುಂಪು ಬ್ಯಾಟರಿಯಿಂದ ಪ್ಲಗ್ಗಿಗೆ, ಪ್ಲಗ್ಗಿನಿಂದ ಕಂಬಕ್ಕೆ, ಕಂಬದಿಂದ ಟ್ರಾನ್ಸ್‌ಫಾರ್ಮರಿಗೆ, ಅಲ್ಲಿಂದ ಅಂಬಿಕಾನಗರಕ್ಕೆ ಬಾಣ ಎಳೆಯಿತು. ಇನ್ನೊಂದು ಗುಂಪು ಹಳೆಯ ಬ್ಯಾಟರಿಯಿಂದ ಗುಜರಿ ಅಂಗಡಿಗೆ ಬಾಣ ಎಳೆದು ನಿಲ್ಲಿಸಿತು. “ಅಲ್ಲಿಂದ ಮುಂದೆ?” ಎಂದಾಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಹೇಳಿದೆವು. ಅವಧಿ ಮುಗಿಯುವಾಗ ಉತ್ತಮ ಚಿತ್ರ ಎನಿಸಿದ್ದು ಹೆಚ್ಚು ಪ್ರಶ್ನಾರ್ಥಕ ಚಿಹ್ನೆ ಇದ್ದ ಚಿತ್ರವೇ.

ನಂತರ ಪೆಟ್ರೋಲ್ ಕಾರಿಗೂ ಇದೇ ರೀತಿ ಬಾಣ ಎಳೆಸಿದೆವು. ಇದನ್ನು ಬಿಡಬಾರದು. ಮೊದಲ ಪಾಠದಲ್ಲಿ ವಿದ್ಯುತ್ ಕಾರನ್ನು ಕಣ್ಣುಮುಚ್ಚಿ ಹೊಗಳಿದ್ದೆವು. ಈಗ ಅದರ ತಪ್ಪುಗಳನ್ನಷ್ಟೇ ಹುಡುಕಿದರೆ ಅದು ಇನ್ನೊಂದು ಬಗೆಯ ಅನ್ಯಾಯವಾಗುತ್ತದೆ. ಪೆಟ್ರೋಲಿಗೂ ಎಣ್ಣೆಬಾವಿ, ಹಡಗು, ಶುದ್ಧೀಕರಣ ಘಟಕ, ಟ್ಯಾಂಕರ್ ಲಾರಿ ಎಂಬ ಹಿಂದಿನ ಕಥೆ ಇದೆ.

ಎರಡನೇ ಅವಧಿ: ಒಂದು ಕಿಲೋಮೀಟರಿನ ಲೆಕ್ಕ

ಇಲ್ಲಿ ಬಳಸಿದ ಆಧಾರ ಅಂಕಿಗಳು ಎರಡು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ಇತ್ತೀಚಿನ ವರ್ಷಗಳಲ್ಲಿ ದೇಶದ ಜಾಲದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಉಳಿದವು ತರಗತಿಗಾಗಿ ನಾವು ಇಟ್ಟುಕೊಂಡ ಊಹೆಗಳು; ಅವು ಊಹೆಗಳೆಂದು ಕಪ್ಪುಹಲಗೆಯ ಮೇಲೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದೆವು. ಪೆಟ್ರೋಲ್ ಕಾರು ಲೀಟರಿಗೆ 18 ಕಿ.ಮೀ.; ಚಾರ್ಜ್ ಮಾಡುವಾಗ ಶೇ. 15 ನಷ್ಟ, ತಂತಿಯಲ್ಲಿ ಬರುವಾಗ ಶೇ. 15 ನಷ್ಟ; ಪೆಟ್ರೋಲ್ ತೆಗೆದು ಶುದ್ಧೀಕರಿಸಿ ಸಾಗಿಸಲು ಇನ್ನೂ ಶೇ. 20, ಕಲ್ಲಿದ್ದಲು ಅಗೆದು ಸಾಗಿಸಲು ಇನ್ನೂ ಶೇ. 5.

ಕಪ್ಪುಹಲಗೆಯ ಕೆಲಸ (ಎಲ್ಲವೂ ಕಿ.ಮೀ.ಗೆ ಗ್ರಾಂ ಇಂಗಾಲದ ಡೈಆಕ್ಸೈಡ್):

ಹಂತ 1. ಸೈಲೆನ್ಸರ್ ಮಾತ್ರ ನೋಡಿದರೆ: ಪೆಟ್ರೋಲ್ 2,300 ÷ 18 = 128; ವಿದ್ಯುತ್ 0.
ಹಂತ 2. ಬ್ಯಾಟರಿಯಿಂದ ಹೊರಟ ವಿದ್ಯುತ್ತು: 0.12 × 700 = 84.
ಹಂತ 3. ಚಾರ್ಜಿಂಗ್ ನಷ್ಟ ಸೇರಿ: 0.12 ÷ 0.85 = 0.141 ಯೂನಿಟ್, ಆಗ 99.
ಹಂತ 4. ತಂತಿಯ ನಷ್ಟ ಸೇರಿ: 0.141 ÷ 0.85 = 0.166 ಯೂನಿಟ್, ಆಗ 116.
ಹಂತ 5. ಎರಡರ ಹಿಂದಿನ ಕಥೆಯನ್ನೂ ಸೇರಿಸಿದರೆ: ಪೆಟ್ರೋಲ್ 128 × 1.20 = 154; ವಿದ್ಯುತ್ 116 × 1.05 = 122.

ಒಂದೇ ಕಾರಿಗೆ ಸೊನ್ನೆಯಿಂದ 122ರವರೆಗೆ ಉತ್ತರ ಬಂತು. ಯಾವುದೂ ಗುಣಾಕಾರದ ತಪ್ಪಲ್ಲ. ಗಡಿ ಎಲ್ಲಿ ಹಾಕಿದೆವು ಎಂಬುದರ ಮೇಲೆ ಉತ್ತರ ಬದಲಾಯಿತು. ಹಂತ 4ರಲ್ಲಿ ನಿಲ್ಲಿಸಿ 128 ಮತ್ತು 116ನ್ನು ಹೋಲಿಸಿದರೆ “ಎರಡೂ ಒಂದೇ” ಎನ್ನಬಹುದು. ಆದರೆ ಆಗ ವಿದ್ಯುತ್ತಿನ ಹಿಂದಿನ ಕಥೆಯನ್ನು ಹಿಡಿದು ಪೆಟ್ರೋಲಿನದ್ದನ್ನು ಬಿಟ್ಟಂತಾಗುತ್ತದೆ. ವಿದ್ಯುತ್ ವಾಹನವನ್ನು ಹೊಗಳುವವರು ಹಂತ 1ರಲ್ಲಿ, ತೆಗಳುವವರು ಹಂತ 4ರಲ್ಲಿ ನಿಲ್ಲುತ್ತಾರೆ. ಹಂತ 5ರವರೆಗೆ ನಡೆಯುವುದನ್ನು ಕಲಿಸುವುದು ಶಾಲೆಯ ಕೆಲಸ.

ವಿಸ್ತರಣೆ: ಬ್ಯಾಟರಿ ತಯಾರಿಕೆಯನ್ನು ಈಗ ಸೇರಿಸಿದೆವು. ಲಿಥಿಯಂ ಬ್ಯಾಟರಿಯ ಒಂದು ಯೂನಿಟ್ ಸಾಮರ್ಥ್ಯ ತಯಾರಿಸಲು ಸಾಮಾನ್ಯವಾಗಿ 60ರಿಂದ 100 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಅಂದಾಜಿಸುತ್ತಾರೆ. ಮಧ್ಯದ 80 ಹಿಡಿದರೆ 19.2 × 80 = 1,536 ಕೆ.ಜಿ. ಕಾರಿನ ಉಳಿದ ಭಾಗದ ತಯಾರಿಕೆ ಎರಡರಲ್ಲೂ ಸಮ ಎಂದು ಭಾವಿಸಿದೆವು. ವಿದ್ಯುತ್ ಕಾರು ಅಂಗಡಿಯಿಂದ ಹೊರಬರುವಾಗಲೇ ಈ ಸಾಲ ಹೊತ್ತುಕೊಂಡಿರುತ್ತದೆ. ಕಿ.ಮೀ.ಗೆ 154 − 122 = 32 ಗ್ರಾಂ ಉಳಿಸುತ್ತಾ ಅದನ್ನು ತೀರಿಸಬೇಕು. 1,536 ÷ 0.032 = 48,000 ಕಿ.ಮೀ.

‘ಸಾಲ’ ಎಂಬ ಮಾತು ಮಕ್ಕಳಿಗೆ ಥಟ್ಟನೆ ಹಿಡಿಸಿತು. ಮೂರು ಸಂದರ್ಭ ಕೊಟ್ಟು ಗುಂಪಿಗೊಂದರಂತೆ ಹಂಚಿದೆವು.

ಅ) ದಿನಕ್ಕೆ 25 ಕಿ.ಮೀ., ವರ್ಷಕ್ಕೆ 300 ದಿನ ಶಾಲೆಗೆ ಹೋಗಿಬರುವ ಶಿಕ್ಷಕಿ: ವರ್ಷಕ್ಕೆ 7,500 ಕಿ.ಮೀ. ಸಾಲ ತೀರಲು ಸುಮಾರು ಆರೂವರೆ ವರ್ಷ.
ಆ) ಮುಂಡಗೋಡ-ಹುಬ್ಬಳ್ಳಿ ನಡುವೆ ಓಡುತ್ತಾ ವರ್ಷಕ್ಕೆ 40,000 ಕಿ.ಮೀ. ದಾಟುವ ಟ್ಯಾಕ್ಸಿ: ಸುಮಾರು ಹದಿನಾಲ್ಕೂವರೆ ತಿಂಗಳು.
ಇ) ಅದೇ ಶಿಕ್ಷಕಿ, ಆದರೆ ಜಾಲದ ವಿದ್ಯುತ್ತು ಸ್ವಚ್ಛಗೊಂಡು ಯೂನಿಟ್ಟಿಗೆ 0.3 ಕೆ.ಜಿ.ಗೆ ಇಳಿದಿದೆ ಎಂದು ಭಾವಿಸಿ: ಕಿ.ಮೀ.ಗೆ 52 ಗ್ರಾಂ, ಉಳಿತಾಯ 102 ಗ್ರಾಂ. ಸುಮಾರು 15,000 ಕಿ.ಮೀ., ಅಂದರೆ ಎರಡೇ ವರ್ಷ.

ಹೆಚ್ಚು ಓಡಿದ ಕಾರಿನ ಸಾಲ ಬೇಗ ತೀರುವುದು ಮಕ್ಕಳಿಗೆ ವಿಚಿತ್ರ ಎನಿಸಿತು. “ಹಂಗಾರ ಸುಮ್ಮನ ತಿರುಗಾಡಿದ್ರ ಛಲೋ ಅಲ್ರಿ?” ಎಂದು ಹಳಿಯಾಳದ ಶಾಲೆಯಲ್ಲಿ ಒಬ್ಬ ಕೇಳಿದ. ಪ್ರಶಿಕ್ಷಣಾರ್ಥಿ ಚೆನ್ನಾಗಿ ಉತ್ತರಿಸಿದರು: “ಹೇಗಿದ್ದರೂ ಓಡಲೇಬೇಕಾದ ಪೆಟ್ರೋಲ್ ಕಾರಿನ ಬದಲು ಓಡಿದರೆ ಮಾತ್ರ ಉಳಿತಾಯ. ಸುಮ್ಮನೆ ತಿರುಗಿದರೆ ಪ್ರತಿ ಕಿ.ಮೀ.ಗೆ 122 ಗ್ರಾಂ ಸೇರುತ್ತಲೇ ಹೋಗುತ್ತದೆ.”

ಇದರ ಬೆನ್ನಿಗೇ ಬಸ್ಸಿನ ಲೆಕ್ಕ ಬಂತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸಾರಿಗೆ ಬಸ್ಸಿನಲ್ಲಿ ಬರುವವರು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಬಸ್ಸು ಲೀಟರಿಗೆ 4.5 ಕಿ.ಮೀ. ಓಡುತ್ತದೆ ಎಂದರೆ ಕಿ.ಮೀ.ಗೆ 600 ಗ್ರಾಂ. ಹಿಂದಿನ ಕಥೆಗೆ ಶೇ. 20 ಸೇರಿಸಿದರೆ 720. ನಲವತ್ತು ಜನ ಕುಳಿತಿದ್ದರೆ ತಲೆಗೆ 18 ಗ್ರಾಂ. ವಿದ್ಯುತ್ ಕಾರಿನಲ್ಲಿ ಒಬ್ಬರೇ ಹೋದರೆ ತಲೆಗೆ 122, ನಾಲ್ವರು ಹೋದರೆ ಸುಮಾರು 30. ಹೊಗೆ ಬಿಡುವ ಬಸ್ಸಿನಲ್ಲಿ ಬರುವ ತಾನು ಹೊಗೆಯಿಲ್ಲದ ಕಾರಿನಲ್ಲಿ ಬರುವವರಿಗಿಂತ ಕಡಿಮೆ ಹೊರೆ ಹಾಕುತ್ತಿದ್ದೇನೆ ಎಂಬುದು ಆ ಮಕ್ಕಳಿಗೆ ದೊಡ್ಡ ಸುದ್ದಿಯಾಗಿತ್ತು.

ಮೂರನೇ ಅವಧಿ: ಕರೆಂಟ್ ಎಲ್ಲಿಂದ? ಕಾಳಿಯ ಪಾಠ

ಜಿಲ್ಲೆಯ ನಕ್ಷೆಯನ್ನು ಗೋಡೆಗೆ ತೂಗುಹಾಕಿ ಕಾಳಿ ನದಿಯನ್ನು ಬೆರಳಿನಿಂದ ಗುರುತಿಸುತ್ತಾ ಹೋಗಲು ಮಕ್ಕಳಿಗೇ ಹೇಳಿದೆವು. ಕಾಳಿ ಮತ್ತು ಪಾಂಡರಿ ಸೇರುವಲ್ಲಿ ಸೂಪಾ ಇತ್ತು. ಇಂದಿನ ಜೋಯಿಡಾ ತಾಲ್ಲೂಕಿನ ಅಂದಿನ ಕೇಂದ್ರ. 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಾಗ ಆ ಊರು ಮತ್ತು ಸುತ್ತಲಿನ ಹಳ್ಳಿಗಳು ಜಲಾಶಯದೊಳಗಾದವು. ಅನೇಕ ಕುಟುಂಬಗಳು ರಾಮನಗರಕ್ಕೆ ಬಂದು ನೆಲೆಸಿದವು. ಸೂಪಾದ ಬುಡದಲ್ಲಿ 100 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಕೆಳಗೆ ಬೊಮ್ಮನಹಳ್ಳಿ ಜಲಾಶಯದಿಂದ ನೀರು ಅಂಬಿಕಾನಗರದ ನಾಗಝರಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅದರ ಸಾಮರ್ಥ್ಯ ಸುಮಾರು 900 ಮೆಗಾವ್ಯಾಟ್. ಇನ್ನೂ ಕೆಳಗೆ ಕೊಡಸಳ್ಳಿ (120), ಕದ್ರಾ (150). ಅದೇ ನದಿಯ ದಡದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಹಳಿಯಾಳದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಉರಿಸಿಯೂ ವಿದ್ಯುತ್ತು ಮಾಡುತ್ತಾರೆ. ನೀರು, ಅಣು, ಸಿಪ್ಪೆ ಎಲ್ಲವೂ ಮಕ್ಕಳ ಊರಿನ ಅಳತೆಯಲ್ಲೇ ಇವೆ. ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಪ್ರಚ್ಛನ್ನ ಶಕ್ತಿಯ ಸೂತ್ರವನ್ನು ಇಲ್ಲಿ ಬಳಸಿದೆವು. ಸಾವಿರ ಲೀಟರ್ ನೀರು 300 ಮೀಟರ್ ಕೆಳಗೆ ಬಿದ್ದರೆ 1,000 × 9.8 × 300 = 29.4 ಲಕ್ಷ ಜೂಲ್. 36 ಲಕ್ಷ ಜೂಲ್ ಒಂದು ಯೂನಿಟ್ ಆದ್ದರಿಂದ ಇದು 0.82 ಯೂನಿಟ್. ಯಂತ್ರದಲ್ಲಿ ಹತ್ತನೇ ಒಂದು ಭಾಗ ನಷ್ಟವಾದರೆ 0.73. ಕಾರು ಸುಮಾರು 4.4 ಕಿ.ಮೀ. ಓಡಬಹುದು. ಇನ್ನೊಂದು ಲೆಕ್ಕ ಅಣಶಿ ಘಟ್ಟದ್ದು. 1,000 ಕೆ.ಜಿ.ಯ ಕಾರು ಘಟ್ಟದಲ್ಲಿ 500 ಮೀಟರ್ ಇಳಿದರೆ 49 ಲಕ್ಷ ಜೂಲ್, ಅಂದರೆ 1.36 ಯೂನಿಟ್ ಬಿಡುಗಡೆಯಾಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದು ಬ್ರೇಕ್ ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಕಾರಿನ ಮೋಟಾರು ಆಗ ಜನರೇಟರಿನಂತೆ ತಿರುಗಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ರೇವಾದಲ್ಲೂ ಈ ವ್ಯವಸ್ಥೆ ಇತ್ತು.

ಇಷ್ಟಾದ ಮೇಲೆ ಮಕ್ಕಳು ಒಂದು ತೀರ್ಮಾನಕ್ಕೆ ಬಂದರು: “ನಮ್ಮ ಕಡೆ ಕರೆಂಟ್ ನೀರಿನದು, ಹಂಗಾಗಿ ನಮ್ಮ ಕಾರಿಗೆ ಹೊಗಿ ಸೊನ್ನೆ.” ಇದು ಮೊದಲ ದಿನದ ತಪ್ಪಿಗಿಂತ ಸೂಕ್ಷ್ಮವಾದ ತಪ್ಪು. ನಾಗಝರಿಯಲ್ಲಿ ಹುಟ್ಟಿದ ವಿದ್ಯುತ್ತು ದಾಂಡೇಲಿಗೆ ಮಾತ್ರ ಬರುವುದಿಲ್ಲ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರ, ಪಾವಗಡದ ಸೌರ ಪಾರ್ಕು, ಕಾಳಿ, ಶರಾವತಿ ಎಲ್ಲವೂ ಒಂದೇ ಜಾಲಕ್ಕೆ ಸುರಿಯುತ್ತವೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿದ ಮೇಲೆ ಅದು ದೇಶವ್ಯಾಪಿಯಾಯಿತು. ಪ್ರಶಿಕ್ಷಣಾರ್ಥಿ ಒಂದು ಬಕೆಟ್ಟಿಗೆ ಬಣ್ಣದ ನೀರು ಮತ್ತು ಬಿಳಿ ನೀರು ಸುರಿದು, “ಇದರಲ್ಲಿ ನಮ್ಮ ನೀರನ್ನು ಮಾತ್ರ ಲೋಟಕ್ಕೆ ತೆಗೆ” ಎಂದರು. ವಿವರಣೆ ಅಲ್ಲಿಗೇ ಸಾಕಾಯಿತು.

ಈಗ ಮೊದಲ ದಿನದ ಪ್ರಶ್ನೆಗೆ ಬಂದೆವು. ಮುಳುಗಿದ ಊರನ್ನು ಯಾವ ಹಂತದಲ್ಲಿ ಸೇರಿಸುವುದು? ಒಂದು ಗುಂಪು “ಇಂತಿಷ್ಟು ಗ್ರಾಂ ಅಂತ ಕೂಡಿಸೋಣ” ಎಂದಿತು. ಎಷ್ಟು ಗ್ರಾಂ ಎಂದು ಕೇಳಿದಾಗ ಅವರೇ ಸುಮ್ಮನಾದರು. ಕೊನೆಗೆ ಕಪ್ಪುಹಲಗೆಯನ್ನು ಎರಡು ಭಾಗ ಮಾಡಿದೆವು. ಎಡಕ್ಕೆ ‘ತೂಗಿ ಬರೆಯುವುದು’, ಬಲಕ್ಕೆ ‘ತೂಗಲಾಗದಿದ್ದರೂ ಬರೆಯಲೇಬೇಕಾದದ್ದು’. ಬಲಭಾಗದಲ್ಲಿ ವಿದ್ಯುತ್ ಕಾರಿನ ಕೆಳಗೆ ಮುಳುಗಿದ ಊರು ಮತ್ತು ಕಾಡು, ಕಲ್ಲಿದ್ದಲಿನ ಹಾರುಬೂದಿ, ಗುಜರಿಯ ಬ್ಯಾಟರಿ ಬಂದವು. ಪೆಟ್ರೋಲ್ ಕಾರಿನ ಕೆಳಗೆ ಸಮುದ್ರಕ್ಕೆ ಸೋರುವ ಎಣ್ಣೆ, ಪೇಟೆಯಲ್ಲಿ ಮಕ್ಕಳ ಮೂಗಿನ ಮಟ್ಟದಲ್ಲೇ ಬರುವ ಹೊಗೆ, ಇಂಜಿನ್ನಿನ ಸದ್ದು ಬಂದವು. ಎರಡರ ಕೆಳಗೂ ಟೈರ್ ಸವೆದ ಧೂಳು ಬಂತು.

ಒಂದು ಎಚ್ಚರಿಕೆಯನ್ನು ಶಿಕ್ಷಕರು ಇಲ್ಲಿ ಕೊಡಬೇಕು. ಸೂಪಾ ಅಣೆಕಟ್ಟನ್ನು ಕಟ್ಟಿದ್ದು ಕಾರಿಗಾಗಿ ಅಲ್ಲ. ಅದರ ವಿದ್ಯುತ್ತಿನಲ್ಲಿ ಶಾಲೆಯ ಫ್ಯಾನ್, ಆಸ್ಪತ್ರೆ, ಕಾರ್ಖಾನೆ, ಹೊಲದ ಪಂಪು ಎಲ್ಲವೂ ನಡೆಯುತ್ತವೆ. ಇಡೀ ಊರಿನ ಭಾರವನ್ನು ಒಂದು ಕಾರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಕಾರಿನ ಪಾಲು ಅದು ಬಳಸಿದ ಯೂನಿಟ್ಟಿನಷ್ಟು. ಆದರೆ ಫ್ಯಾನ್ ಹಾಕುವ ನಾವೂ ಪಾಲುದಾರರು ಎಂಬುದು ಈ ಮಾತಿನ ಇನ್ನೊಂದು ಮುಖ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ತನ್ನ ಪುಸ್ತಕದಲ್ಲಿ ಬಲಭಾಗದ ಮೊದಲ ಸಾಲಿಗೆ ‘ಸೂಪಾ’ ಎಂದು ಬರೆದುಕೊಂಡಳು, ಅದರ ಮುಂದೆ ‘ನಮ್ಮ ಫ್ಯಾನಿಗೂ’ ಎಂದು ಸೇರಿಸಿದಳು.

ಮೌಲ್ಯಮಾಪನ

ಲಿಖಿತ ಪ್ರಶ್ನೆ: “ನಿಮ್ಮ ಊರಿನ ಒಬ್ಬರು ಹಳೆಯ ಪೆಟ್ರೋಲ್ ಕಾರು ಕೊಟ್ಟು ಪುಟ್ಟ ವಿದ್ಯುತ್ ಕಾರು ಕೊಳ್ಳಬೇಕೆಂದಿದ್ದಾರೆ. ಅವರನ್ನು ಕೇಳಬೇಕಾದ ಮೂರು ಪ್ರಶ್ನೆ ಬರೆಯಿರಿ. ಅವರ ಉತ್ತರಗಳನ್ನು ಊಹಿಸಿ, ಲೆಕ್ಕ ಸಹಿತ ಸಲಹೆ ಕೊಡಿ.” (10 ಅಂಕ)

ಅಂಕ ಹಂಚಿಕೆ: ಅಂಕಿ ಮತ್ತು ಏಕಮಾನಗಳ ಸರಿಯಾದ ಬಳಕೆ 2, ಲೆಕ್ಕ 3, ಎರಡೂ ಕಾರಿಗೆ ಒಂದೇ ಗಡಿ 3, ಷರತ್ತಿನೊಂದಿಗೆ ತೀರ್ಮಾನ 2. “ಕೊಳ್ಳಿ” ಅಥವಾ “ಬೇಡ” ಎಂಬುದಕ್ಕೆ ಅಂಕವಿಲ್ಲ. “ವರ್ಷಕ್ಕೆ ಇಷ್ಟು ಓಡಿಸಿದರೆ ಕೊಳ್ಳಿ” ಎಂಬುದಕ್ಕೆ ಅಂಕವಿದೆ.

ಮಕ್ಕಳಲ್ಲಿ ಕಂಡ ಸಾಮಾನ್ಯ ತಪ್ಪುಗಳು

1. ಕಿಲೋವ್ಯಾಟ್ ಮತ್ತು ಕಿಲೋವ್ಯಾಟ್-ಗಂಟೆಯ ಗೊಂದಲ. ನಲ್ಲಿಯಿಂದ ನೀರು ಬೀಳುವ ವೇಗ ಮತ್ತು ಕೊಡದಲ್ಲಿ ತುಂಬಿದ ನೀರು ಎಂಬ ಹೋಲಿಕೆ ನೆರವಾಯಿತು.
2. ಶೇ. 15 ನಷ್ಟಕ್ಕೆ 1.15ರಿಂದ ಗುಣಿಸುವುದು. ನೂರು ಹೊರಟರೆ ಎಂಬತ್ತೈದು ತಲುಪುತ್ತದೆ; ಆದ್ದರಿಂದ 0.85ರಿಂದ ಭಾಗಿಸಬೇಕು. ಇದೇ ತಪ್ಪನ್ನು ಇಬ್ಬರು ಪ್ರಶಿಕ್ಷಣಾರ್ಥಿಗಳೂ ಮಾಡಿದ್ದರು.
3. ಒಂದು ಕಾರಿಗೆ ದೊಡ್ಡ ಗಡಿ, ಇನ್ನೊಂದಕ್ಕೆ ಚಿಕ್ಕ ಗಡಿ.
4. ಊಹೆಯ ಅಂಕಿಯನ್ನು ಅಳೆದ ಅಂಕಿಯಂತೆ ನಂಬುವುದು. ಲೀಟರಿಗೆ 18ರ ಬದಲು 22 ಕಿ.ಮೀ. ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿಸಿ. ಪೆಟ್ರೋಲ್ ಕಾರು ಸುಮಾರು 125ಕ್ಕೆ ಇಳಿದು, ಉಳಿತಾಯ ಬಹುತೇಕ ಮಾಯವಾಗುವುದನ್ನು ಅವರೇ ನೋಡಲಿ.

ಪ್ರಶಿಕ್ಷಣಾರ್ಥಿಗಳಿಗೆ ಮತ್ತು ಅವಲೋಕಕರಿಗೆ

ಈ ಪಾಠಕ್ಕೆ ಮೂರು ಅವಧಿ ಹೆಚ್ಚಾಯಿತು ಎಂದು ಮೆಂಟರ್ ಶಿಕ್ಷಕರೊಬ್ಬರು ಹೇಳಿದರು. ಅವರ ಮಾತಿನಲ್ಲಿ ನ್ಯಾಯವಿದೆ. ಪಠ್ಯ ಮುಗಿಸುವ ಒತ್ತಡ ಅವರದ್ದು. ಒಂದೇ ಅವಧಿ ಸಿಕ್ಕರೆ ಎರಡನೇ ಅವಧಿಯ ಹಂತ 1ರಿಂದ 5ನ್ನು ಮಾತ್ರ ಮಾಡಿ, ಬಾಣದ ಚಿತ್ರವನ್ನು ಮನೆಗೆಲಸ ಕೊಡಿ. ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಗುಂಪಿನಲ್ಲಿ ತಮ್ಮ ಮಾತಿನಲ್ಲೇ ಚರ್ಚಿಸಲಿ; ಕಪ್ಪುಹಲಗೆಗೆ ಬಂದಾಗ ಕನ್ನಡದಲ್ಲಿ ಬರೆಯಲಿ. ಅಂಕಿಗಳು ವರ್ಷ ವರ್ಷ ಬದಲಾಗುತ್ತವೆ. ಪಾಠಕ್ಕೆ ಮುನ್ನ ವಿದ್ಯುತ್ ಪ್ರಾಧಿಕಾರದ ಹೊಸ ಅಂಕಿಯನ್ನು ನೋಡಿಕೊಳ್ಳಿ. ಮಕ್ಕಳ ಮನೆಯ ಹಿರಿಯರ ಸ್ಥಳಾಂತರದ ವಿಷಯ ಬಂದಾಗ ಅದನ್ನು ಕೇವಲ ‘ಉದಾಹರಣೆ’ಯನ್ನಾಗಿ ಮಾಡಿ ಮುಂದೆ ಹೋಗಬೇಡಿ, ಹೇಳಲು ಇಷ್ಟವಿದ್ದವರು ಹೇಳಲಿ, ಇಲ್ಲದವರನ್ನು ಕೆದಕಬಾರದು.

ಅವಲೋಕಕರಾದ ನಮಗೂ ಒಂದು ಕೆಲಸವಿದೆ. ಆ ದಿನ ನಾನು ಪೂರ್ಣ ಅಂಕ ಕೊಟ್ಟಿದ್ದ ನಮೂನೆಯನ್ನು ಪ್ರಶಿಕ್ಷಣಾರ್ಥಿಯ ಎದುರೇ ತಿದ್ದಿದೆ. ಅವರ ಅಂಕ ಕಡಿಮೆ ಮಾಡಲಿಲ್ಲ. ಪಾಠಯೋಜನೆಗೆ ಸಹಿ ಹಾಕಿದವನು ನಾನೇ. ನಮೂನೆಯ ಕೊನೆಗೆ ಒಂದು ಸಾಲು ಸೇರಿಸಿದೆ. ಈಗ ನಮ್ಮ ಕಾಲೇಜಿನ ಎಲ್ಲ ವಿಷಯಗಳ ಅವಲೋಕನಾ ನಮೂನೆಯಲ್ಲೂ ಅದು ಇದೆ: “ಕಪ್ಪುಹಲಗೆಯ ಮೇಲೆ ಬರೆದ ತೀರ್ಮಾನ ಎಲ್ಲಿಯವರೆಗೆ ಸರಿ? ಆ ಮಿತಿಯನ್ನು ಮಕ್ಕಳಿಗೆ ಹೇಳಲಾಯಿತೇ?”

ಮೂರನೇ ಅವಧಿಯ ಕೊನೆಗೆ ಪ್ರಶಿಕ್ಷಣಾರ್ಥಿ ಮೊದಲ ದಿನದ ವಾಕ್ಯವನ್ನು ಮತ್ತೆ ಬರೆದು, ತಿದ್ದಲು ಮಕ್ಕಳನ್ನೇ ಕರೆದರು. ನಾಲ್ಕಾರು ಕೈ ಬದಲಾದ ಮೇಲೆ ಉಳಿದ ವಾಕ್ಯ ಇದು: “ಪುಟ್ಟ ವಿದ್ಯುತ್ ಕಾರಿನಿಂದ ಬೀದಿಯಲ್ಲಿ ಹೊಗೆ ಇಲ್ಲ, ಬೇರೆ ಕಡೆ ಇದೆ. ಪೆಟ್ರೋಲ್ ಕಾರಿನ ಬದಲು ಸಾಕಷ್ಟು ಓಡಿದರೆ, ಕರೆಂಟ್ ಸ್ವಚ್ಛವಾದಷ್ಟೂ, ಒಟ್ಟು ಮಾಲಿನ್ಯ ಕಡಿಮೆ.” ಎರಡು ಗೆರೆ ಎಳೆಯುವಷ್ಟು ಚಿಕ್ಕ ವಾಕ್ಯವಲ್ಲ. ಆದರೆ ತರಗತಿಯ ನಲವತ್ತು ಮಕ್ಕಳೂ ಅದನ್ನು ಬರೆದುಕೊಂಡರು, ಮತ್ತು ಅದು ಸರಿಯಾಗಿತ್ತು.